ಕೊಟ್ಟವನು ಕೋಡಂಗಿ: ತಂತ್ರಜ್ಞಾನದ ಪಾಲುದಾರಿಕೆಗಳ ಬಗ್ಗೆ

ಬಡ ದೇಶಗಳ ಹೆಸರಿನಲ್ಲಿ ನಡೆಯುವ ತಂತ್ರಜ್ಞಾನ ಯೋಜನೆಗಳ ಮಾತು ಬಂದಾಗಲೆಲ್ಲ, ಹಣ ಯಾರದೋ ಯಜಮಾನಿಕೆಯೂ ಅವರದೇ ಎಂದು ಹೇಳಿ ಚರ್ಚೆಯನ್ನು ಮುಗಿಸಿಬಿಡುವ ರೂಢಿಯಿದೆ. ಆ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ; ನಮ್ಮ ದೇಶದ್ದೇ ಒಂದು ಹಳೆಯ ಪ್ರಕರಣ ಸಾಕು.

2001ರಲ್ಲಿ ಕೇಂದ್ರ ಸರ್ಕಾರ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್ ಎಂಬ ಸಂಶೋಧನಾ ಪ್ರಯೋಗಾಲಯದ ಜತೆ ಸೇರಿ ‘ಮೀಡಿಯಾ ಲ್ಯಾಬ್ ಏಷ್ಯಾ’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಆಗ ಮಾಹಿತಿ ತಂತ್ರಜ್ಞಾನ ಸಚಿವರಾಗಿದ್ದವರು ಪ್ರಮೋದ್ ಮಹಾಜನ್. ಹತ್ತು ವರ್ಷಗಳಲ್ಲಿ ನೂರು ಕೋಟಿ ಡಾಲರುಗಳ ಯೋಜನೆ ಎಂದು ಘೋಷಣೆಯಾಯಿತು. ಸುಮಾರು ಐದನೇ ಒಂದು ಪಾಲನ್ನು ಭಾರತ ಸರ್ಕಾರ ಕೊಡುವುದು, ಮಿಕ್ಕದ್ದನ್ನು ಕಂಪನಿಗಳಿಂದ ತರುವುದು ಎಂಬುದು ಲೆಕ್ಕಾಚಾರ. ಕಂಪನಿಗಳು ನಿರೀಕ್ಷಿಸಿದಂತೆ ಮುಂದೆ ಬರಲಿಲ್ಲ. ಆರಂಭದ ಖರ್ಚು ಬಿದ್ದದ್ದು ನಮ್ಮ ಬೊಕ್ಕಸದ ಮೇಲೆ. ಅಂದರೆ ಇಲ್ಲಿ ಹಣ ಕೊಟ್ಟದ್ದು ಬಡ ದೇಶ, ಪಡೆದದ್ದು ಶ್ರೀಮಂತ ವಿಶ್ವವಿದ್ಯಾಲಯ. ಆದರೂ ಸಂಸ್ಥೆಯ ಹೆಸರು ಅವರದು, ಸಂಶೋಧನೆಯ ಶೈಲಿ ಅವರದು, ಭಾರತದ ಹಳ್ಳಿಗೆ ಏನು ಬೇಕೆಂಬುದರ ಮೊದಲ ಕರಡೂ ಬಹುಪಾಲು ಅವರದು. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ ಎಂದು ನಮ್ಮ ಹಿರಿಯರು ಸಾಲದ ವಿಷಯದಲ್ಲಿ ಹೇಳುತ್ತಿದ್ದ ಗಾದೆ, ಅಂತರರಾಷ್ಟ್ರೀಯ ಒಪ್ಪಂದಕ್ಕೂ ಇಷ್ಟು ಚೆನ್ನಾಗಿ ಹೊಂದುತ್ತದೆಂದು ಯಾರು ಎಣಿಸಿದ್ದರು!

2003ರ ಮೇ ತಿಂಗಳಲ್ಲಿ, ಮಹಾಜನ್ ಅವರ ನಂತರ ಸಚಿವರಾದ ಅರುಣ್ ಶೌರಿ ಎಂಐಟಿ ಜತೆಗಿನ ಒಪ್ಪಂದವನ್ನು ಮುಗಿಸಿದರು. ಐಐಟಿಗಳ ಜತೆ ಸೇರಿ ಸಂಸ್ಥೆ ಮುಂದುವರಿಯಿತು. ಹೆಸರು ಮಾತ್ರ 2017ರವರೆಗೂ ಹಾಗೆಯೇ ಇತ್ತು. ಆ ವರ್ಷ ಅದನ್ನು ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ಎಂದು ಬದಲಿಸಿದರು. ಪಾಲುದಾರ ಎದ್ದುಹೋದ ಮೇಲೂ ಹದಿನಾಲ್ಕು ವರ್ಷ ಅವನ ಹೆಸರಿನ ಫಲಕವನ್ನು ಬಾಗಿಲ ಮೇಲೆ ಉಳಿಸಿಕೊಂಡ ದೇಶ ನಮ್ಮದು. ಇದೇ ಬಗೆಯ ಇನ್ನೊಂದು ಪ್ರಯೋಗಾಲಯ ಐರ್ಲೆಂಡಿನ ಡಬ್ಲಿನ್‌ನಲ್ಲಿ 2000ದಲ್ಲಿ ಶುರುವಾಗಿತ್ತು. ಅದಕ್ಕೂ ಅಲ್ಲಿನ ಸರ್ಕಾರವೇ ಹಣ ಹಾಕಿತ್ತು, ಮತ್ತು 2005ರ ಜನವರಿಯಲ್ಲಿ ಅದು ಮುಚ್ಚಿತು. ಐರ್ಲೆಂಡ್ ಬಡ ದೇಶವಲ್ಲ. ಆದುದರಿಂದ ಈ ಅಸಮಾನತೆಯ ಬೇರು ಬರೀ ಬಡತನದಲ್ಲಿಲ್ಲ. ಪ್ರತಿಷ್ಠೆಯನ್ನು ಹೊರಗಿನಿಂದ ಕೊಂಡು ತರಬಹುದೆಂಬ ನಂಬಿಕೆಯಲ್ಲೂ ಇದೆ ಎಂದು ನನಗನ್ನಿಸುತ್ತದೆ.

ಈ ಕಥೆಗೆ ಬೆಂಗಳೂರಿನಲ್ಲಿ ಒಂದು ಪಕ್ಕದ ಕಥೆಯಿದೆ. ಎಂಐಟಿ ಒಪ್ಪಂದವಾದ ವರ್ಷವೇ, ಏಪ್ರಿಲ್ ತಿಂಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳೂ ಸೇರಿ ಮಾಡಿದ ಸಿಂಪ್ಯೂಟರ್ ಎಂಬ ಅಗ್ಗದ ಪುಟ್ಟ ಕಂಪ್ಯೂಟರ್ ಸಾರ್ವಜನಿಕರ ಮುಂದೆ ಬಂದಿತ್ತು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಚಿಗುರಿದ ಕಲ್ಪನೆ ಅದು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುವುದು, ಓದು ಬಾರದವರಿಗೂ ಅವರ ಭಾಷೆಯಲ್ಲೇ ಮಾತನಾಡಿ ಹೇಳುವುದು. ಒಂದೇ ಯಂತ್ರವನ್ನು ಇಡೀ ಹಳ್ಳಿ ಹಂಚಿಕೊಳ್ಳಬಹುದು. ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರುತ್ತದೆ. ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ ಆಗಬೇಕೆಂಬುದು ಅವರ ಗುರಿ. ಪ್ರಶ್ನೆಯನ್ನು ರೂಪಿಸಿದವರು ಇಲ್ಲಿಯವರು, ವಿನ್ಯಾಸ ಮಾಡಿದವರು ಇಲ್ಲಿಯವರು. ಸಿಂಪ್ಯೂಟರ್ ಗೆಲ್ಲಲಿಲ್ಲ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜತೆ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಹೊತ್ತು ಮೀರಿತ್ತು, ಮಾರಾಟವಾದದ್ದು ಕೆಲವೇ ಸಾವಿರ. ಅದರ ಸೋಲಿಗೆ ಹಲವು ಕಾರಣಗಳಿವೆ, ಮೊಬೈಲ್ ಫೋನಿನ ಓಟ ಅವುಗಳಲ್ಲಿ ದೊಡ್ಡದು. ಆದರೂ ಒಂದು ಮಾತು ಹೇಳಬೇಕು. ಹೊರಗಿನಿಂದ ಬಂದ ಹೆಸರಿಗೆ ಕೋಟಿಗಳ ಲೆಕ್ಕದಲ್ಲಿ ಭರವಸೆ ಸಿಕ್ಕ ಕಾಲದಲ್ಲೇ, ಯಶವಂತಪುರದ ಆಸುಪಾಸಿನಲ್ಲಿ ಹುಟ್ಟಿದ ಯಂತ್ರ ಬಂಡವಾಳಕ್ಕಾಗಿ ಬಾಗಿಲು ತಟ್ಟುತ್ತಿತ್ತು. ಅಸಮಾನ ಪಾಲುದಾರಿಕೆಯ ನಷ್ಟವನ್ನು ಲೆಕ್ಕಹಾಕುವವರು ಆಗದೇ ಹೋದ ಇಂಥ ಪಾಲುದಾರಿಕೆಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಮೀಡಿಯಾ ಲ್ಯಾಬ್ ಏಷ್ಯಾದಿಂದ ಏನೂ ಆಗಲಿಲ್ಲವೆಂದರೆ ಅದು ಅನ್ಯಾಯವಾದೀತು. ಅಲ್ಲಿ ಮೊಳೆತ ಒಂದು ಕೆಲಸ ದೊಡ್ಡಬಳ್ಳಾಪುರದವರೆಗೂ ಬಂದಿತ್ತು, ಮತ್ತು ಅದು ನಿಜಕ್ಕೂ ಜಾಣತನದ ಕೆಲಸವಾಗಿತ್ತು. ಕರ್ನಾಟಕ ಸರ್ಕಾರದ ಭೂಮಿ ಯೋಜನೆ ಅಷ್ಟರಲ್ಲಾಗಲೇ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತ್ತು. ಆದರೆ ರೈತ ಹದಿನೈದು ರೂಪಾಯಿ ಕೊಟ್ಟು ಪಹಣಿ ಪಡೆಯಲು ತಾಲ್ಲೂಕು ಕಚೇರಿಗೇ ಬರಬೇಕಿತ್ತು. ಹಳ್ಳಿಗಳಿಗೆ ಇಂಟರ್ನೆಟ್ ಇರಲಿಲ್ಲ, ಬಸ್ಸು ಇತ್ತು. ಡಾಕ್‌ನೆಟ್ ಎಂಬ ಈ ಯೋಜನೆಯವರು ಸರ್ಕಾರಿ ಬಸ್ಸೊಂದರಲ್ಲಿ ವೈಫೈ ಸಾಧನವನ್ನು ಕೂರಿಸಿದರು. ಬಸ್ಸಿನ ಬ್ಯಾಟರಿಯಿಂದಲೇ ಅದಕ್ಕೆ ವಿದ್ಯುತ್ತು. ಎಲ್ಲ ಸಲಕರಣೆಯ ಬೆಲೆ 580 ಡಾಲರ್. ಬಸ್ಸು ಹಳ್ಳಿಯ ಕಿಯೋಸ್ಕ್ ಮುಂದೆ ಹಾದುಹೋಗುವಾಗ, ಅಲ್ಲಿ ಕೂಡಿಟ್ಟಿದ್ದ ಪಹಣಿಯ ಕೋರಿಕೆಗಳು ಗಾಳಿಯಲ್ಲೇ ಬಸ್ಸಿಗೆ ಏರುತ್ತಿದ್ದವು. ಬಸ್ಸು ತಾಲ್ಲೂಕು ಕೇಂದ್ರಕ್ಕೆ ಬಂದಾಗ ಅಲ್ಲಿನ ಸರ್ವರಿಗೆ ಇಳಿಯುತ್ತಿದ್ದವು. ಸಿದ್ಧವಾದ ಪಹಣಿ ಅದೇ ಬಸ್ಸಿನಲ್ಲಿ ಮರಳಿ ಹಳ್ಳಿಗೆ ಹೋಗಿ, ಕಿಯೋಸ್ಕಿನಲ್ಲಿ ಮುದ್ರಣವಾಗಿ ರೈತನ ಕೈ ಸೇರುತ್ತಿತ್ತು. ಬಸ್ಸಿಗೂ ಕಿಯೋಸ್ಕಿಗೂ ನಡುವೆ ಸಂಪರ್ಕ ಇರುತ್ತಿದ್ದದ್ದು ಸರಾಸರಿ ಎರಡೂವರೆ ನಿಮಿಷ. ಅಷ್ಟರಲ್ಲಿ ಸುಮಾರು 20 ಮೆಗಾಬೈಟ್ ಮಾಹಿತಿ ಸಾಗುತ್ತಿತ್ತು, ಪಹಣಿಗೆ ಅದು ಬೇಕಾದಷ್ಟಾಯಿತು. ದಿನಕ್ಕೆ ಮೂರು ಸುತ್ತು ಹೋಗಿಬರುವ ಬಸ್ಸು ಒಂದು ಕಿಯೋಸ್ಕಿನ ಮುಂದೆ ಆರು ಸಲ ಹಾದುಹೋಗುತ್ತದೆ. ಇರುವುದನ್ನೇ ಬಳಸಿಕೊಳ್ಳುವ ಇಂಥ ವಿನ್ಯಾಸವನ್ನು ಕಂಡರೆ ಎಂಜಿನಿಯರ್ ಆದ ನನಗೆ ಇಂದಿಗೂ ಗೌರವವಿದೆ.

ಇದರ ವಿವರಗಳನ್ನೆಲ್ಲ ನಾನು ತಿಳಿದದ್ದು 2004ರ ಜನವರಿಯಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನದಿಂದ. ಅದರ ಲೇಖಕರು ಮೂವರು, ಮೂವರೂ ಎಂಐಟಿಯಿಂದ ಬಂದವರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕಲ್ಪನೆ ಅವರದೇ, ಬರೆದವರೂ ಅವರೇ. ಆದರೆ ಆ ಕಿಯೋಸ್ಕ್ ನಡೆಸಿದವರು, ತಾಲ್ಲೂಕು ಕಚೇರಿಯಲ್ಲಿ ಕೋರಿಕೆಗಳನ್ನು ನೋಡಿಕೊಂಡ ಸಿಬ್ಬಂದಿ, ಬಸ್ಸು ಕೆಟ್ಟ ದಿನ ಏನಾಯಿತೆಂದು ಬಲ್ಲ ನಿರ್ವಾಹಕ, ಇವರ ಕಡೆಯಿಂದ ಅದೇ ಕಥೆಯನ್ನು ಬರೆದ ಲೇಖನವೊಂದು ನನಗೆ ಸಿಕ್ಕಿಲ್ಲ. ಇಂಥ ಪ್ರಾಯೋಗಿಕ ಯೋಜನೆಗಳಲ್ಲಿ ಹೊರಗಿನ ಪಾಲುದಾರನಿಗೆ ಬೇಕಾದ ಫಲ ಒಂದು, ಊರಿಗೆ ಬೇಕಾದ ಫಲ ಇನ್ನೊಂದು. ಸಂಶೋಧಕನಿಗೆ ಬೇಕಾದದ್ದು ಇದು ಸಾಧ್ಯ ಎಂಬ ಸಾಬೀತು. ಅದು ಕೆಲವು ತಿಂಗಳಲ್ಲಿ ಕೈಗೆ ಬರುತ್ತದೆ. ರೈತನಿಗೆ ಬೇಕಾದದ್ದು ಬರುವ ವರ್ಷವೂ ಅದೇ ಕಿಯೋಸ್ಕಿನಲ್ಲಿ ಪಹಣಿ ಸಿಗುವುದು. ಅದಕ್ಕೆ ಮುಗಿತಾಯವೇ ಇಲ್ಲ. ಮೊದಲನೆಯ ಫಲ ಕೈಗೆ ಬಂದ ದಿನವೇ ಇಬ್ಬರ ದಾರಿ ಕವಲೊಡೆಯುತ್ತದೆ, ಮತ್ತು ಒಪ್ಪಂದದ ಕಾಗದದಲ್ಲಿ ಆ ದಿನದ ಪ್ರಸ್ತಾಪ ಸಾಮಾನ್ಯವಾಗಿ ಇರುವುದಿಲ್ಲ.

ಭೂಮಿ ಉಳಿದುಕೊಂಡದ್ದು ಬೇರೆ ಕಾರಣಕ್ಕೆ. ಅದಕ್ಕೆ ಒಡೆಯ ಇದ್ದ: ಕಂದಾಯ ಇಲಾಖೆ. ಸಾಫ್ಟ್‌ವೇರ್ ಬರೆದದ್ದು ಸರ್ಕಾರದ್ದೇ ಆದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ. ಒಂದು ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಆದೇಶಿಸಿತ್ತು. ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚಿತ್ತು. ಭೂಮಿಗೂ ಅದರದೇ ದೋಷಗಳಿವೆ. ಗ್ರಾಮ ಲೆಕ್ಕಿಗನ ಕೈಯಲ್ಲಿದ್ದ ಅಧಿಕಾರ ತಾಲ್ಲೂಕಿಗೆ ಸರಿಯಿತೇ ಹೊರತು ರೈತನ ಕೈಗೆ ಬರಲಿಲ್ಲವೆಂಬ ಟೀಕೆಯನ್ನು ನಾನು ಒಪ್ಪುತ್ತೇನೆ. ಆದರೆ ದೋಷ ಕಂಡಾಗ ಯಾರ ಕಚೇರಿಯ ಮುಂದೆ ಧರಣಿ ಕೂರಬೇಕೆಂಬುದು ಗೊತ್ತಿತ್ತು. ಹೊರಗಿನ ಪಾಲುದಾರನ ಯೋಜನೆಯಲ್ಲಿ ಆ ವಿಳಾಸವೇ ಇರುವುದಿಲ್ಲ.

ವಿಳಾಸವಿಲ್ಲದ ಯೋಜನೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ‘ಮಗುವಿಗೊಂದು ಲ್ಯಾಪ್‌ಟಾಪ್’ ಚಳವಳಿಯನ್ನು ನೋಡಬೇಕು. ಮೀಡಿಯಾ ಲ್ಯಾಬ್ ಸ್ಥಾಪಿಸಿದ ನಿಕೋಲಸ್ ನೆಗ್ರೊಪಾಂಟೆಯವರೇ ಇದರ ನೇತಾರರು. 2005ರ ನವೆಂಬರಿನಲ್ಲಿ ಟ್ಯುನಿಸ್ ನಗರದ ಸಮ್ಮೇಳನದಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಪಕ್ಕದಲ್ಲಿ ನಿಂತು ಅವರು ನೂರು ಡಾಲರಿನ ಲ್ಯಾಪ್‌ಟಾಪ್ ತೋರಿಸಿದರು. ಲಕ್ಷಗಳ ಲೆಕ್ಕದಲ್ಲಿ ಕೊಳ್ಳಿ, ಮಕ್ಕಳ ಕೈಗೆ ಕೊಡಿ, ಉಳಿದದ್ದನ್ನು ಮಕ್ಕಳೇ ಕಲಿಯುತ್ತಾರೆ ಎಂಬುದು ಸರ್ಕಾರಗಳಿಗೆ ಅವರು ಹೇಳಿದ ಮಾತಿನ ಸಾರ. ತಯಾರಿಕೆ ಶುರುವಾಗುವ ಹೊತ್ತಿಗೆ ಬೆಲೆ 188 ಡಾಲರ್ ಆಗಿತ್ತು. ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲಿ ಬೇಡವೆಂದಿತು. ನಮ್ಮ ಅಧಿಕಾರಿಗಳಿಗೆ ಬೇಡವೆನ್ನುವ ಅಭ್ಯಾಸ ಸ್ವಲ್ಪ ಹೆಚ್ಚೇ ಇದೆ, ಆದರೆ ಆ ಸಲ ಅದು ಉಪಕಾರಕ್ಕೆ ಬಂತು. ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಕೊಂಡಿತು. ಆಂಡಿಸ್ ಬೆಟ್ಟಗಳ ಎಷ್ಟೋ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ, ಕೆಲವೆಡೆ ವಿದ್ಯುತ್ತೂ ಸರಿಯಾಗಿರಲಿಲ್ಲ, ಶಿಕ್ಷಕರಿಗೆ ಸಿಕ್ಕ ತರಬೇತಿಯೂ ಅಷ್ಟಕ್ಕಷ್ಟೇ. ಅಮೆರಿಕ ಖಂಡಗಳ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು 319 ಗ್ರಾಮೀಣ ಶಾಲೆಗಳನ್ನು ಅಭ್ಯಸಿಸಿ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಗಣಿತದಲ್ಲಿ, ಭಾಷೆಯಲ್ಲಿ ಮಕ್ಕಳ ಅಂಕಗಳು ಹೆಚ್ಚಿರಲಿಲ್ಲ.

ಅದೇ ಯಂತ್ರವನ್ನು ಉರುಗ್ವೆ ಕೂಡ ಕೊಂಡಿತ್ತು. ಅಲ್ಲಿ ಸರ್ಕಾರ 2007ರಲ್ಲಿ ಸೈಬಾಲ್ ಎಂಬ ತನ್ನದೇ ಯೋಜನೆ ಮಾಡಿಕೊಂಡು, ಬಹಿರಂಗ ಟೆಂಡರ್ ಕರೆದು, ಶಾಲೆಗಳಿಗೆ ಇಂಟರ್ನೆಟ್ ಎಳೆಯುವ, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ಹೊಣೆಯನ್ನು ತನ್ನದೇ ಸಂಸ್ಥೆಗಳಿಗೆ ವಹಿಸಿತು. ಲ್ಯಾಪ್‌ಟಾಪ್ ಕೊಡುವ ಕಂಪನಿ ಅಲ್ಲಿ ಬರೀ ಮಾರಾಟಗಾರ. ಮುಂದೆ ಬೇರೆ ಕಂಪನಿಗಳ ಯಂತ್ರಗಳನ್ನು ಕೊಳ್ಳುವಾಗ ಉರುಗ್ವೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ಅದು ಮೂವತ್ತೈದು ಲಕ್ಷದಷ್ಟು ಜನರಿರುವ, ಬಹುಪಾಲು ಬಯಲು ನಾಡಾದ, ಪೆರುವಿಗಿಂತ ಉಳ್ಳವರ ದೇಶ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಸಾಧನ ಒಂದೇ ಆಗಿದ್ದು, ಬದಲಿಸುವ ಮತ್ತು ಬಿಡುವ ಹಕ್ಕು ಯಾರಲ್ಲಿತ್ತೆಂಬುದು ಬೇರೆಯಾದಾಗ ಪರಿಣಾಮ ಎಷ್ಟು ಬೇರೆಯಾಗುತ್ತದೆಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ಹೊರದೇಶಗಳ ಆರೋಗ್ಯ ಇಲಾಖೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಬೆಂಗಳೂರಿನ ತಂಡವೊಂದರಲ್ಲಿ ಕೆಲವು ವರ್ಷ ದುಡಿದೆ. ಪೂರ್ವ ಆಫ್ರಿಕಾದ ದೇಶವೊಂದರಲ್ಲಿ ಮಕ್ಕಳ ಲಸಿಕೆಯ ದಾಖಲೆ ಇಡುವ ಕೆಲಸ. ಹಣ ಯೂರೋಪಿನ ದಾನಿ ಸಂಸ್ಥೆಯೊಂದರದು, ಬಳಕೆದಾರರು ಆ ದೇಶದ ಜಿಲ್ಲಾ ಆಸ್ಪತ್ರೆಗಳವರು, ನಡುವೆ ನಾವು. ನಮೂನೆಯಲ್ಲಿ ತಂದೆಯ ಹೆಸರು ಕಡ್ಡಾಯವಾಗಿತ್ತು. ಅದು ಖಾಲಿಯಿದ್ದರೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಕೆಲವು ಜಿಲ್ಲೆಗಳಲ್ಲಿ ಅಜ್ಜಿಯರೇ ಸಾಕುವ ಮಕ್ಕಳು ಬಹಳ. ಲಸಿಕೆಯ ಸಾಲಿನಲ್ಲಿ ನಿಂತ ಅಜ್ಜಿಯನ್ನು ಹಿಂದಕ್ಕೆ ಕಳಿಸಲಾಗದ ಗುಮಾಸ್ತರು ಆ ಜಾಗದಲ್ಲಿ ಒಂದು ಚುಕ್ಕೆ ಒತ್ತಿ ಮುಂದೆ ಹೋಗುವುದನ್ನು ಕಲಿತಿದ್ದರು. ವರ್ಷದ ವರದಿ ತೆಗೆದಾಗ ಒಂದು ಜಿಲ್ಲೆಯಲ್ಲಿ ಅತಿ ಹೆಚ್ಚು ಮಕ್ಕಳ ತಂದೆಯ ಹೆಸರು ಚುಕ್ಕೆಯಾಗಿತ್ತು.

ಆ ಜಾಗವನ್ನು ಐಚ್ಛಿಕಗೊಳಿಸಿ ‘ಪೋಷಕರು’ ಎಂಬ ಇನ್ನೊಂದನ್ನು ಸೇರಿಸುವುದು ಅರ್ಧ ದಿನದ ಕೆಲಸ. ಅಲ್ಲಿನ ಸಚಿವಾಲಯದಲ್ಲಿ ಅದನ್ನು ನನಗಿಂತ ಚೆನ್ನಾಗಿ ಮಾಡಬಲ್ಲ ತರುಣ ಎಂಜಿನಿಯರ್ ಒಬ್ಬನಿದ್ದ. ಅವನಿಗೆ ಕೋಡ್ ಓದಲು ಅನುಮತಿ ಇತ್ತು, ಬದಲಿಸಿ ಸರ್ವರಿಗೆ ಏರಿಸಲು ಇರಲಿಲ್ಲ. ಕೋರಿಕೆ ಅವನ ಇಲಾಖೆಯಿಂದ ದಾನಿ ಸಂಸ್ಥೆಯ ಯೋಜನಾ ಕಚೇರಿಗೆ, ಅಲ್ಲಿಂದ ಮೂರು ತಿಂಗಳಿಗೊಮ್ಮೆ ಸೇರುವ ಸಮಿತಿಗೆ, ಅಲ್ಲಿಂದ ನಮಗೆ ಬರಬೇಕು. ಸಮಿತಿಯ ಸಭೆ ನಡೆಯುತ್ತಿದ್ದದ್ದು ಯೂರೋಪಿನಲ್ಲಿ. ಜಿಲ್ಲೆಯವರ ಪರವಾಗಿ ಅಲ್ಲಿ ಮಾತನಾಡುತ್ತಿದ್ದದ್ದು ಸಲಹೆಗಾರರು. ಆ ಸಮಿತಿಯಲ್ಲಿದ್ದ ಯಾರೂ ಕೆಟ್ಟವರಲ್ಲ. ಎಲ್ಲರೂ ಮಕ್ಕಳಿಗೆ ಒಳ್ಳೆಯದಾಗಲೆಂದೇ ಬಯಸಿದವರು. ಕೋರಿಕೆಯನ್ನು ಅವರು ಒಂದು ಪ್ರಶ್ನೆಯೊಂದಿಗೆ ಹಿಂದಕ್ಕೆ ಕಳಿಸಿದರು: ಪೋಷಕರೆಂಬ ಮಾಹಿತಿ ಸೇರಿದರೆ ಬೇರೆ ದೇಶಗಳ ಅಂಕಿಅಂಶಗಳೊಂದಿಗೆ ಹೋಲಿಕೆ ಮಾಡಲು ತೊಂದರೆಯಾಗುವುದಿಲ್ಲವೇ? ಹೋಲಿಕೆ ಬೇಕಾಗಿದ್ದದ್ದು ದಾನಿಗೆ, ಅಜ್ಜಿಗಲ್ಲ. ಕೊನೆಗೆ ಬದಲಾವಣೆ ಒಪ್ಪಿಗೆಯಾಗುವ ಹೊತ್ತಿಗೆ ಎಷ್ಟೋ ಮಕ್ಕಳು ಚುಕ್ಕೆಯ ಮಕ್ಕಳಾಗಿಯೇ ದಾಖಲಾಗಿದ್ದರು.

ನಾನು ಕಂಡಂತೆ ಅಸಮಾನತೆ ಇರುವುದು ಇಂಥ ಸಣ್ಣ ಅಧಿಕಾರಗಳ ಹಂಚಿಕೆಯಲ್ಲಿ. ಯೋಜನೆಯ ಕರಪತ್ರದಲ್ಲಿ ಎರಡೂ ದೇಶಗಳ ಬಾವುಟ ಒಂದೇ ಅಳತೆಯಲ್ಲಿ ಮುದ್ರಣವಾಗಿರುತ್ತದೆ. ಆದರೆ ಸರ್ವರಿನ ಬಾಡಿಗೆ ಯಾರ ಹೆಸರಿನಲ್ಲಿದೆ, ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿ ಇದೆ, ಹೊಸ ಆವೃತ್ತಿಯನ್ನು ಬೇಡವೆನ್ನುವ ಹಕ್ಕು ಯಾರಿಗಿದೆ, ದತ್ತಾಂಶದ ಪೂರ್ತಿ ಪ್ರತಿ ಯಾವ ದೇಶದ ನೆಲದ ಮೇಲಿದೆ ಎಂದು ಕೇಳಿದರೆ ಉತ್ತರ ಬಹುತೇಕ ಒಂದೇ ಕಡೆ ಬೊಟ್ಟು ಮಾಡುತ್ತದೆ. ಸಾಮರ್ಥ್ಯ ವೃದ್ಧಿ ಎಂಬ ಹೆಸರಿನ ತರಬೇತಿ ಯೋಜನೆಯ ಕೊನೆಯ ವಾರಗಳಲ್ಲಿ ಬರುತ್ತದೆ. ತರಬೇತಿ ಪಡೆದ ಎಂಜಿನಿಯರುಗಳನ್ನು ಮುಂದಿನ ಯೋಜನೆಗಾಗಿ ದುಪ್ಪಟ್ಟು ಸಂಬಳ ಕೊಟ್ಟು ಎಳೆದುಕೊಳ್ಳುವವರೂ ಆಗಾಗ ದಾನಿ ಸಂಸ್ಥೆಗಳೇ.

ಇಲ್ಲಿ ನಾವು ಎಲ್ಲಿ ನಿಂತಿದ್ದೇವೆಂಬುದನ್ನೂ ನೋಡಿಕೊಳ್ಳಬೇಕು. ಎಂಐಟಿಯನ್ನು ದೂರುವಾಗ ನಾವು ದೊಡ್ಡಬಳ್ಳಾಪುರದ ಕಡೆಯವರು. ಆಫ್ರಿಕಾದ ಕಡತ ತೆರೆದಾಗ ನಾವೇ ಎಂಐಟಿ ಇರುವ ಕೇಂಬ್ರಿಜ್ಜಿನವರು. ಅಬ್ದುಲ್ ಕಲಾಂ 2004ರಲ್ಲಿ ಸೂಚಿಸಿ, 2009ರಲ್ಲಿ ಚಾಲನೆ ಪಡೆದ ಅಖಿಲ ಆಫ್ರಿಕಾ ಇ-ನೆಟ್‌ವರ್ಕ್‌ನಲ್ಲಿ ಭಾರತದ ಆಸ್ಪತ್ರೆಗಳೂ ವಿಶ್ವವಿದ್ಯಾಲಯಗಳೂ ಉಪಗ್ರಹದ ಮೂಲಕ ಆಫ್ರಿಕಾದ ವೈದ್ಯರಿಗೆ, ವಿದ್ಯಾರ್ಥಿಗಳಿಗೆ ನೆರವಾದವು. ಅದರಿಂದ ನಿಜವಾದ ಪ್ರಯೋಜನವಾಯಿತು. ಆದರೆ ಪಾಠ ಇಲ್ಲಿಂದ ಅಲ್ಲಿಗೆ ಹರಿಯಿತು. ಮಲೇರಿಯಾವನ್ನು ನಿತ್ಯ ನೋಡುವ ಆಫ್ರಿಕಾದ ವೈದ್ಯರಿಂದ ನಮ್ಮವರು ಕಲಿಯುವ ತರಗತಿಯೂ ಅದೇ ಉಪಗ್ರಹದಲ್ಲಿ ಸಾಧ್ಯವಿತ್ತೆಂಬುದು ಯೋಜನೆಯ ಕಲ್ಪನೆಯಲ್ಲೇ ಇದ್ದಂತೆ ಕಾಣುವುದಿಲ್ಲ.

ಇಂದು ಎಲೆಕ್ಟ್ರಾನಿಕ್ಸ್ ಸಿಟಿಯ ಐಐಐಟಿ ಬೆಂಗಳೂರಿನಲ್ಲಿ ಮೋಸಿಪ್ ಎಂಬ ವೇದಿಕೆ ಬೆಳೆಯುತ್ತಿದೆ. ಆಧಾರ್ ಅನುಭವದ ಹಿನ್ನೆಲೆಯಲ್ಲಿ 2018ರಲ್ಲಿ ಶುರುವಾದ, ಯಾವ ದೇಶ ಬೇಕಾದರೂ ಪಡೆದು ತನ್ನ ಗುರುತಿನ ಚೀಟಿ ವ್ಯವಸ್ಥೆ ಕಟ್ಟಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಇದು. ಗೇಟ್ಸ್ ಪ್ರತಿಷ್ಠಾನ, ಟಾಟಾ ಟ್ರಸ್ಟ್ಸ್ ಮೊದಲಾದವರ ನೆರವು ಇದಕ್ಕಿದೆ. ಫಿಲಿಪೀನ್ಸ್, ಮೊರಾಕ್ಕೊ, ಇಥಿಯೋಪಿಯ ಮುಂತಾದ ದೇಶಗಳು ಇದನ್ನು ಆರಿಸಿಕೊಂಡಿವೆ. ಒಂದೇ ಖಾಸಗಿ ಕಂಪನಿಯ ಬೀಗಕ್ಕೆ ಸಿಕ್ಕಿಬಿದ್ದು ವರ್ಷವರ್ಷ ಬಾಡಿಗೆ ಕಟ್ಟುವುದಕ್ಕಿಂತ ಇದು ಎಷ್ಟೋ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೋಡ್ ಮುಕ್ತವಾದ ಮಾತ್ರಕ್ಕೆ ಪಾಲುದಾರಿಕೆ ಸಮವಾಗುವುದಿಲ್ಲ. ನಮ್ಮ ಲಸಿಕೆಯ ಕೋಡನ್ನೂ ಆ ತರುಣ ಓದಬಹುದಾಗಿತ್ತಲ್ಲವೇ. ಶ್ರೀಲಂಕಾದ ಡಿಜಿಟಲ್ ಗುರುತಿನ ಯೋಜನೆಗೆ ಭಾರತ ಸರ್ಕಾರ ಅನುದಾನ ಕೊಟ್ಟಾಗ, ತಮ್ಮ ಜನರ ಬೆರಳಚ್ಚು, ಮುಖಚಿತ್ರಗಳು ಯಾರ ಕೈಗೆ ಹೋಗುತ್ತವೆಂದು ಅಲ್ಲಿಯವರು ಕೇಳಿದರು. ಆ ಪ್ರಶ್ನೆಯನ್ನು ನೆರೆಯವರ ಕೃತಘ್ನತೆಯೆಂದು ಬಗೆದ ಕೆಲವು ಗೆಳೆಯರು ನನಗಿದ್ದಾರೆ. ಇದೇ ಪ್ರಶ್ನೆಯನ್ನು ಅಮೆರಿಕದ ಕಂಪನಿಗಳಿಗೆ ನಾವು ಕೇಳಿದಾಗ ಅದಕ್ಕೆ ಸ್ವಾಭಿಮಾನವೆಂದು ಹೆಸರಿಟ್ಟವರೂ ಅವರೇ.

ಈಗ ಇಂಥ ಯೋಜನೆಗಳ ಕರಡು ಒಪ್ಪಂದ ನನ್ನ ಮೇಜಿಗೆ ಬಂದಾಗ ನಾನು ಮುನ್ನುಡಿ ಓದುವುದನ್ನು ಬಿಟ್ಟಿದ್ದೇನೆ. ಅಲ್ಲಿ ಎಲ್ಲರೂ ಸಮಾನರೇ. ನೇರವಾಗಿ ಕೊನೆಯ ಪುಟಗಳಿಗೆ ಹೋಗುತ್ತೇನೆ, ಮುಕ್ತಾಯ ಮತ್ತು ಹಸ್ತಾಂತರದ ಷರತ್ತುಗಳಿಗೆ. ಇತ್ತೀಚೆಗೆ ಒಂದು ಕರಡಿನಲ್ಲಿ, ಎರಡನೆಯ ವರ್ಷದಿಂದಲೇ ನಮೂನೆಗಳನ್ನು ಬದಲಿಸುವ, ಹೊಸ ಆವೃತ್ತಿಯನ್ನು ತಡೆಹಿಡಿಯುವ ಅಧಿಕಾರ ಸ್ಥಳೀಯ ಸಚಿವಾಲಯದ ತಂಡಕ್ಕೆ ಇರಬೇಕೆಂಬ ಷರತ್ತನ್ನು ಸೇರಿಸಲು ಕೆಲವರು ಪಟ್ಟುಹಿಡಿದೆವು. ದಾನಿಯ ವಕೀಲರು ಮೊದಲು ಅದನ್ನು ಹೊಡೆದುಹಾಕಿದರು, ಸಚಿವಾಲಯದವರೇ ಕಾಗದ ಬರೆದು ಕೇಳಿದ ಮೇಲೆ ಒಪ್ಪಿದರು. ಷರತ್ತು ಈಗ ಒಪ್ಪಂದದಲ್ಲಿದೆ. ಆ ತಂಡಕ್ಕೆ ಬೇಕಾದ ಇಬ್ಬರು ಎಂಜಿನಿಯರುಗಳ ಸಂಬಳ ಬಜೆಟ್ಟಿನ ಯಾವ ಸಾಲಿನಲ್ಲೂ ಇಲ್ಲ; ಅದನ್ನು ಪ್ರವಾಸ ಮತ್ತು ಕಾರ್ಯಾಗಾರದ ಬಾಬ್ತಿನಿಂದ ತೆಗೆಯಲು ಬರುತ್ತದೆಯೇ ಎಂಬುದರ ಬಗ್ಗೆ ಪತ್ರವ್ಯವಹಾರ ಇನ್ನೂ ನಡೆಯುತ್ತಿದೆ.